ಬಿಲಿರುಬಿನ್ ಮಾತ್ರ ಜಾಸ್ತಿ, ಉಳಿದದ್ದೆಲ್ಲ ಸರಿ: ಇದು ಗಿಲ್ಬರ್ಟ್ ಸಿಂಡ್ರೋಮ್ ಇರಬಹುದಾ?

ಪ್ರಶ್ನೆ: ನನಗೆ 23 ವರ್ಷ. ಹೊಸ ಕೆಲಸಕ್ಕೆ ಸೇರುವ ಮೊದಲು ಹೆಲ್ತ್ ಚೆಕಪ್ ಮಾಡಿಸಿದೆ. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಒಟ್ಟು ಬಿಲಿರುಬಿನ್ 2.6 ಬಂದಿದೆ. ಅದರಲ್ಲಿ ಡೈರೆಕ್ಟ್ 0.4, ಇನ್‌ಡೈರೆಕ್ಟ್ 2.2. ಲಿವರ್ ಕಿಣ್ವಗಳಾದ ಎಸ್‌ಜಿಪಿಟಿ 24, ಎಸ್‌ಜಿಒಟಿ 22, ಆಲ್ಕಲೈನ್ ಫಾಸ್ಫಟೇಸ್ 80. ಹಿಮೋಗ್ಲೋಬಿನ್ 15. ಮೂರು ವರ್ಷದ ಹಿಂದೆ ಜ್ವರ ಬಂದಾಗ ಕಣ್ಣು ಹಳದಿಯಾಗಿತ್ತು. ಆಗ ಬಿಲಿರುಬಿನ್ 3.1 ಇತ್ತು, ಒಂದು ತಿಂಗಳ ನಂತರ ನೋಡಿದಾಗ 1.5. ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್. ಹೊಟ್ಟೆಯ ಅಲ್ಟ್ರಾಸೌಂಡ್ ನಾರ್ಮಲ್. ಒಬ್ಬ ಡಾಕ್ಟರು ‘ಏನೂ ಇಲ್ಲ, ಹೋಗಿ’ ಅಂದರು. ಇನ್ನೊಬ್ಬರು ಸಿ.ಟಿ. ಸ್ಕ್ಯಾನ್ ಮಾಡಿಸಿ, ಬೇಕಾದರೆ ಆಮೇಲೆ ಲಿವರ್ ಬಯಾಪ್ಸಿ (ಲಿವರ್‌ನ ಚೂರು ತೆಗೆದು ಪರೀಕ್ಷಿಸುವುದು) ನೋಡೋಣ ಅಂದರು. ನಾನು ಓದಿದ ಪ್ರಕಾರ ಇದು ಗಿಲ್ಬರ್ಟ್ ಸಿಂಡ್ರೋಮ್ ಇರಬಹುದು. ಅಪ್ಪನ ಕಣ್ಣೂ ಆಗಾಗ ಹಳದಿ ಕಾಣುತ್ತದೆ. ನನಗಿರುವುದು ಅದೇನಾ? ಜೀನ್ ಪರೀಕ್ಷೆ ಬೇಕಾ? ಪಥ್ಯ ಮಾಡಬೇಕಾ? ಮುಂದೆ ಲಿವರ್ ಹಾಳಾಗುತ್ತದಾ?

ಉತ್ತರ: ನೀವು ಬರೆದದ್ದನ್ನು ನೋಡಿದರೆ ಗಿಲ್ಬರ್ಟ್ ಸಿಂಡ್ರೋಮ್ ಇರುವ ಸಾಧ್ಯತೆಯೇ ಜಾಸ್ತಿ. ಬಿಲಿರುಬಿನ್ ಹೊರಹಾಕಲು ಬೇಕಾದ ಲಿವರ್ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಸ್ಥಿತಿ ಅದು. ಲಿವರ್ ಹಾಳಾಗುವುದಿಲ್ಲ. ಸಿ.ಟಿ. ಬೇಡ, ಬಯಾಪ್ಸಿಯಂತೂ ಬೇಡವೇ ಬೇಡ. ಆದರೆ ‘ಏನೂ ಇಲ್ಲ’ ಎಂದು ಹೇಳುವ ಮೊದಲು ಒಂದು ಕೆಲಸ ಬಾಕಿ ಇದೆ. ನಿಮ್ಮ ಕೆಂಪು ರಕ್ತಕಣಗಳು ಬೇಗ ಬೇಗ ಒಡೆಯುತ್ತಿಲ್ಲ ಎಂಬುದನ್ನು ಯಾರೂ ಖಚಿತಪಡಿಸಿದಂತೆ ಕಾಣುತ್ತಿಲ್ಲ. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ, ಸ್ವಲ್ಪ ರಕ್ತ ಸಾಕು. ನಿಮ್ಮ ಇಬ್ಬರು ಡಾಕ್ಟರುಗಳಲ್ಲಿ ಒಬ್ಬರು ಕಡಿಮೆ ನೋಡಿದರು, ಇನ್ನೊಬ್ಬರು ಬೇರೆ ಕಡೆ ನೋಡಲು ಹೊರಟರು ಅಂತ ನನಗನಿಸುತ್ತದೆ.

ಯಾಕೆ ಹಾಗೆ ಹೇಳುತ್ತೇನೆ ಅಂದರೆ, ಬಿಲಿರುಬಿನ್ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಒಂದು ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಆಮೇಲೆ ಅದನ್ನು ಗುಲ್ಮ (ಸ್ಪ್ಲೀನ್), ಲಿವರ್ ಮತ್ತು ಮೂಳೆಮಜ್ಜೆಯಲ್ಲಿರುವ ಕೆಲವು ಜೀವಕೋಶಗಳು ನುಂಗಿ ಒಡೆಯುತ್ತವೆ. ಒಳಗಿನ ಹಿಮೋಗ್ಲೋಬಿನ್‌ನಿಂದ ಕಬ್ಬಿಣ ವಾಪಸ್ ಬಳಕೆಗೆ ಹೋಗುತ್ತದೆ. ಉಳಿದ ಭಾಗ ಹಳದಿ ಬಣ್ಣದ ಬಿಲಿರುಬಿನ್ ಆಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ 250ರಿಂದ 300 ಮಿಲಿಗ್ರಾಂ ಬಿಲಿರುಬಿನ್ ಹೀಗೆ ತಯಾರಾಗುತ್ತದೆ. ಅಂದರೆ ಬಿಲಿರುಬಿನ್ ಎಲ್ಲರ ರಕ್ತದಲ್ಲೂ ಯಾವಾಗಲೂ ಇರುತ್ತದೆ.

ಈ ಹೊಸ ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಲಿವರ್‌ಗೆ ಬರುತ್ತದೆ. ಇದು ಇನ್‌ಡೈರೆಕ್ಟ್ ಬಿಲಿರುಬಿನ್. ಲಿವರ್‌ನಲ್ಲಿ ಯುಜಿಟಿ1ಎ1 ಎಂಬ ಕಿಣ್ವ ಅದಕ್ಕೆ ಗ್ಲುಕುರೋನಿಕ್ ಆಮ್ಲವನ್ನು ಜೋಡಿಸುತ್ತದೆ. ಈಗ ಅದು ನೀರಿನಲ್ಲಿ ಕರಗುತ್ತದೆ, ಪಿತ್ತರಸದ ಜೊತೆ ಕರುಳಿಗೆ ಹೋಗುತ್ತದೆ. ಇದು ಡೈರೆಕ್ಟ್ ಬಿಲಿರುಬಿನ್. ಗಿಲ್ಬರ್ಟ್ ಇರುವವರಲ್ಲಿ ಈ ಕಿಣ್ವದ ಕೆಲಸ ಸಾಮಾನ್ಯದ ಸುಮಾರು 30 ಶೇಕಡಾ ಮಾತ್ರ ಇರುತ್ತದೆ. ಹತ್ತು ಕೌಂಟರ್ ಇರುವಲ್ಲಿ ಮೂರೇ ತೆರೆದಿವೆ ಎಂದುಕೊಳ್ಳಿ. ಜನ ಕಡಿಮೆ ಇರುವ ದಿನ ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ಜಾಸ್ತಿ ಜನ ಬಂದ ದಿನ ಸಾಲು ಉದ್ದವಾಗುತ್ತದೆ, ಅಷ್ಟೇ. ಕೆಲಸ ನಿಲ್ಲುವುದಿಲ್ಲ.

ಈಗ ನಿಮ್ಮ ರಿಪೋರ್ಟಿಗೆ ಬರೋಣ. 2.6ರಲ್ಲಿ 0.4 ಮಾತ್ರ ಡೈರೆಕ್ಟ್, ಅಂದರೆ ಸುಮಾರು 15 ಶೇಕಡಾ. ಇಂಥ ಸಂದರ್ಭದಲ್ಲಿ ಡೈರೆಕ್ಟ್ ಭಾಗ ಒಟ್ಟಿನ 20 ಶೇಕಡಾಕ್ಕಿಂತ ಕಡಿಮೆ ಇದ್ದರೆ, ತೊಂದರೆ ಇರುವುದು ಗ್ಲುಕುರೋನಿಕ್ ಆಮ್ಲ ಜೋಡಿಸುವ ಹಂತದಲ್ಲಿ ಅಥವಾ ಅದಕ್ಕೂ ಮೊದಲು ಎಂದು ಓದುತ್ತೇವೆ. ಪಿತ್ತನಾಳ ಕಟ್ಟಿಕೊಂಡಿದ್ದರೆ ಡೈರೆಕ್ಟ್ ಏರುತ್ತಿತ್ತು, ಆಲ್ಕಲೈನ್ ಫಾಸ್ಫಟೇಸ್ ಕೂಡ ಏರುತ್ತಿತ್ತು. ಹೆಪಟೈಟಿಸ್ ಆಗಿ ಕಾಮಾಲೆ ಬಂದಿದ್ದರೆ ಎಸ್‌ಜಿಪಿಟಿ ಸಾಮಾನ್ಯವಾಗಿ ನೂರುಗಳಲ್ಲಿ, ಕೆಲವೊಮ್ಮೆ ಸಾವಿರ ದಾಟಿ ಇರುತ್ತಿತ್ತು. ನಿಮ್ಮದು 24. ಲಿವರ್ ಜೀವಕೋಶಗಳು ಸಾಯುತ್ತಿಲ್ಲ, ದಾರಿ ಕಟ್ಟಿಲ್ಲ. ಆದ್ದರಿಂದ ಸಿ.ಟಿ.ಯಲ್ಲಿ ಹುಡುಕುವುದಕ್ಕೆ ಏನೂ ಇಲ್ಲ. ಸುಮ್ನೆ ಎಕ್ಸ್‌ರೇ ವಿಕಿರಣ ತೆಗೆದುಕೊಂಡ ಹಾಗಾಗುತ್ತದೆ.

ಮೂತ್ರದ ಬಣ್ಣವನ್ನೂ ಗಮನಿಸಿ. ಇನ್‌ಡೈರೆಕ್ಟ್ ಬಿಲಿರುಬಿನ್ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಕಿಡ್ನಿಯ ಜರಡಿ ದಾಟುವುದಿಲ್ಲ. ಹಾಗಾಗಿ ಗಿಲ್ಬರ್ಟ್‌ನಲ್ಲಿ ಕಣ್ಣು ಹಳದಿಯಾದರೂ ಮೂತ್ರದಲ್ಲಿ ಬಿಲಿರುಬಿನ್ ಸಿಗುವುದಿಲ್ಲ. ಸಾಕಷ್ಟು ನೀರು ಕುಡಿದ ಮೇಲೂ ಮೂತ್ರ ಕಂದು ಬಣ್ಣಕ್ಕೆ ಬರುತ್ತಿದ್ದರೆ, ಅದನ್ನು ಗಿಲ್ಬರ್ಟ್ ತಲೆಗೆ ಕಟ್ಟಬೇಡಿ. ನೀರು ಕಡಿಮೆ ಕುಡಿದಾಗ ಮೂತ್ರ ಗಾಢ ಹಳದಿಯಾಗುವುದು ಬೇರೆ ವಿಷಯ, ಅದು ಎಲ್ಲರಿಗೂ ಆಗುತ್ತದೆ.

ಇನ್ನು ಬಾಕಿ ಇರುವ ಕೆಲಸ. ಇನ್‌ಡೈರೆಕ್ಟ್ ಬಿಲಿರುಬಿನ್ ಮಾತ್ರ ಏರುವುದಕ್ಕೆ ಮುಖ್ಯವಾಗಿ ಎರಡೇ ದಾರಿ. ಒಂದೋ ಲಿವರ್ ನಿಧಾನವಾಗಿ ಜೋಡಿಸುತ್ತಿದೆ, ಇಲ್ಲವೇ ರಕ್ತಕಣಗಳು ಜಾಸ್ತಿ ಒಡೆದು ಮಾಲೇ ಜಾಸ್ತಿ ಬರುತ್ತಿದೆ. ಎರಡನೆಯದನ್ನು ಹಿಮೋಲಿಸಿಸ್ ಅನ್ನುತ್ತೇವೆ. ಬಿಲಿರುಬಿನ್ ರಿಪೋರ್ಟ್ ಮಾತ್ರ ನೋಡಿದರೆ ಇವೆರಡೂ ಒಂದೇ ಥರ ಕಾಣುತ್ತವೆ. ಇಲ್ಲೇ ಡಾಕ್ಟರುಗಳು ಅವಸರ ಮಾಡುವುದು.

‘ಹಿಮೋಗ್ಲೋಬಿನ್ 15 ಇದೆಯಲ್ಲ, ರಕ್ತ ಒಡೆಯುತ್ತಿದ್ದರೆ ಅದು ಕಡಿಮೆ ಆಗಬೇಕಿತ್ತು ಅಲ್ವಾ?’ ಎಂದು ನೀವು ಕೇಳಬಹುದು. ಕಡಿಮೆ ಆಗಲೇಬೇಕು ಅಂತ ಇಲ್ಲ. ಮೂಳೆಮಜ್ಜೆಗೆ ಬಹಳ ತಾಕತ್ತಿದೆ. ಬೇಕಾದಾಗ ಅದು ರಕ್ತಕಣಗಳ ತಯಾರಿಕೆಯನ್ನು ಆರೆಂಟು ಪಟ್ಟು ಹೆಚ್ಚಿಸಬಲ್ಲದು. ಕಣಗಳು 120 ದಿನದ ಬದಲು 40 ದಿನಕ್ಕೇ ಒಡೆಯುತ್ತಿದ್ದರೂ, ಅಷ್ಟೇ ವೇಗದಲ್ಲಿ ಹೊಸವು ಬರುತ್ತಿದ್ದರೆ ಹಿಮೋಗ್ಲೋಬಿನ್ ನಾರ್ಮಲ್ ಆಗಿಯೇ ಉಳಿಯಬಹುದು. ಕಣಗಳು ಹೀಗೆ ಬೇಗ ಒಡೆಯುತ್ತಿವೆಯಾ ಎಂದು ತಿಳಿಯಲು ಹೊಸ ಕಣಗಳು ಎಷ್ಟು ಬರುತ್ತಿವೆ ಎಂದು ನೋಡಬೇಕು. ಆ ಎಳೆಯ ಕಣಗಳೇ ರೆಟಿಕ್ಯುಲೋಸೈಟ್. ವಯಸ್ಕರಲ್ಲಿ ಅವು ಹೆಚ್ಚು ಕಡಿಮೆ 0.5ರಿಂದ 2 ಶೇಕಡಾ ಇರುತ್ತವೆ. ಹಿಮೋಲಿಸಿಸ್ ಇದ್ದರೆ ಏರುತ್ತವೆ.

ಅದರ ಜೊತೆಗೆ ಪೆರಿಫೆರಲ್ ಸ್ಮಿಯರ್. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುವುದು. ಹಳೆಯ ಪರೀಕ್ಷೆ. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತವೇ ಇದೆ ಅನ್ನಿ. ಯಂತ್ರ ಅಂಕಿ ಕೊಡುತ್ತದೆ, ಕಣದ ಆಕಾರವನ್ನು ನುರಿತ ಕಣ್ಣೇ ಹೇಳಬೇಕು. ಮೂರನೆಯದು ಎಲ್‌ಡಿಎಚ್, ಜೀವಕೋಶಗಳ ಒಳಗಿರುವ ಒಂದು ಕಿಣ್ವ. ಕಣಗಳು ಒಡೆದಾಗ ಇದು ರಕ್ತದಲ್ಲಿ ಏರುತ್ತದೆ. ಇನ್ನೂ ಅನುಮಾನ ಉಳಿದರೆ ಹ್ಯಾಪ್ಟೋಗ್ಲೋಬಿನ್ ಮಾಡಿಸಬಹುದು. ಒಡೆದ ಕಣಗಳಿಂದ ಹೊರಬಂದ ಹಿಮೋಗ್ಲೋಬಿನ್ನನ್ನು ಹಿಡಿಯುವ ಪ್ರೋಟೀನ್ ಅದು, ಹಿಮೋಲಿಸಿಸ್‌ನಲ್ಲಿ ಖಾಲಿಯಾಗುತ್ತದೆ. ರೆಟಿಕ್ಯುಲೋಸೈಟ್, ಸ್ಮಿಯರ್, ಎಲ್‌ಡಿಎಚ್ ಮೂರೂ ನಾರ್ಮಲ್ ಬಂದರೆ, ನಿಮ್ಮ ವಿಷಯದಲ್ಲಿ ಗಿಲ್ಬರ್ಟ್ ಎಂದು ನಾನು ನಿಶ್ಚಿಂತೆಯಿಂದ ಬರೆಯುತ್ತೇನೆ.

ಅಪ್ಪನ ಕಣ್ಣು ಹಳದಿ ಎಂದಿದ್ದೀರಿ. ಅದನ್ನು ನೀವು ಗಿಲ್ಬರ್ಟ್ ಪರವಾದ ಸಾಕ್ಷಿ ಎಂದುಕೊಂಡಿರಬಹುದು. ನನಗೆ ಅದು ಎರಡೂ ಕಡೆ ಬೆರಳು ತೋರಿಸುತ್ತಿದೆ. ಹೆರಿಡಿಟರಿ ಸ್ಫೆರೋಸೈಟೋಸಿಸ್ ಅಂತ ಒಂದು ಕಾಯಿಲೆ ಇದೆ. ಕೆಂಪು ಕಣಗಳು ತಟ್ಟೆಯ ಆಕಾರ ಕಳೆದುಕೊಂಡು ದುಂಡಗಾಗುತ್ತವೆ, ಗುಲ್ಮದಲ್ಲಿ ಸಿಕ್ಕಿಕೊಂಡು ಬೇಗ ಒಡೆಯುತ್ತವೆ. ಬಹುಪಾಲು ಕುಟುಂಬಗಳಲ್ಲಿ ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ನೇರವಾಗಿ ಮಕ್ಕಳಿಗೆ ಬರುತ್ತದೆ. ಸೌಮ್ಯವಾಗಿದ್ದರೆ ಹಿಮೋಗ್ಲೋಬಿನ್ ನಾರ್ಮಲ್, ಬಿಲಿರುಬಿನ್ ಎರಡು ಮೂರು, ಲಿವರ್ ಪರೀಕ್ಷೆ ಎಲ್ಲ ಸರಿ. ಥೇಟ್ ನಿಮ್ಮ ರಿಪೋರ್ಟ್ ಥರವೇ! ಅಪ್ಪನಿಗೋ ಅವರ ಅಣ್ಣತಮ್ಮಂದಿರಿಗೋ ಚಿಕ್ಕ ವಯಸ್ಸಿನಲ್ಲೇ ಪಿತ್ತಕೋಶದಲ್ಲಿ ಕಲ್ಲಾಗಿತ್ತಾ? ಯಾರದಾದರೂ ಗುಲ್ಮ ತೆಗೆದಿದ್ದಾರಾ? ಇದನ್ನು ಮನೆಯಲ್ಲಿ ಕೇಳಿ. ನಿಮ್ಮ ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ಗುಲ್ಮದ ಅಳತೆ ಬರೆದಿರುತ್ತಾರೆ, ಅದನ್ನೂ ನೋಡಿ. ಹಾಗೆಯೇ ರಕ್ತದ ಕೌಂಟ್ ರಿಪೋರ್ಟಿನಲ್ಲಿ ಎಂಸಿಎಚ್‌ಸಿ ಎಂಬ ಸಾಲು ಇರುತ್ತದೆ, ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಎಂಬ ಅಂಕಿ. ಸ್ಫೆರೋಸೈಟೋಸಿಸ್‌ನಲ್ಲಿ ಅದು ಮೇಲಿನ ಗಡಿ ದಾಟಿರುವುದುಂಟು. ಯಾರೂ ಗಮನಿಸದ ಸಾಲು ಅದು.

ಅದೇ ರಿಪೋರ್ಟಿನಲ್ಲಿ ಎಂಸಿವಿ ಎಂಬುದೂ ಇದೆ, ಕಣದ ಗಾತ್ರ. ಅದು ತುಂಬಾ ಕಡಿಮೆ ಇದ್ದರೆ ಥಲಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದ ಬರುವ ಕಾಯಿಲೆ) ಕಡೆ ಯೋಚಿಸಬೇಕು. ಜಾಸ್ತಿ ಇದ್ದರೆ ಬಿ12 ಕೊರತೆಯ ಕಡೆ. ಬಿ12 ಕೊರತೆಯಲ್ಲಿ ಕಣಗಳು ಮೂಳೆಮಜ್ಜೆಯಿಂದ ಹೊರಬರುವ ಮೊದಲೇ ಒಡೆಯುತ್ತವೆ, ಹಾಗಾಗಿ ಇನ್‌ಡೈರೆಕ್ಟ್ ಬಿಲಿರುಬಿನ್ ಸ್ವಲ್ಪ ಏರುತ್ತದೆ, ಎಲ್‌ಡಿಎಚ್ ಕೂಡ. ಕೆಂಪು ಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇನ್ನೊಂದು ಥರ. ಅದು ಮಾಮೂಲಿ ದಿನಗಳಲ್ಲಿ ಸುಮ್ಮನಿರುತ್ತದೆ. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್‌ನಂಥ ಕೆಲವು ಮಾತ್ರೆ ತೆಗೆದುಕೊಂಡಾಗ ಅಥವಾ ಸೋಂಕು ಬಂದಾಗ ಕಣಗಳು ಒಮ್ಮೆಲೇ ಒಡೆದು ಮೂತ್ರ ಕೆಂಪು ಕಪ್ಪಾಗುತ್ತದೆ. ನಿಮಗೆ ಮೂರು ವರ್ಷದ ಹಿಂದೆ ಜ್ವರ ಬಂದಾಗ ಹಾಗೇನಾದರೂ ಆಗಿತ್ತಾ ಎಂದು ನೆನಪು ಮಾಡಿಕೊಳ್ಳಿ. ಆಗಿದ್ದರೆ ಜಿ6ಪಿಡಿ ಪರೀಕ್ಷೆಯನ್ನೂ ಸೇರಿಸಿ. ಇಲ್ಲವಾದರೆ ಸದ್ಯಕ್ಕೆ ಬಿಡಿ.

ಗಿಲ್ಬರ್ಟ್ ಮತ್ತು ಹಿಮೋಲಿಸಿಸ್ ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಗಿಲ್ಬರ್ಟ್ ಅಷ್ಟು ಸಾಮಾನ್ಯ. ಲಿವರ್ ಸರಿಯಿರುವವರಲ್ಲಿ ಬರೀ ಹಿಮೋಲಿಸಿಸ್‌ನಿಂದ ಬಿಲಿರುಬಿನ್ 4-5 ದಾಟುವುದು ಅಪರೂಪ. ಬರೀ ಗಿಲ್ಬರ್ಟ್‌ನಲ್ಲೂ ಸಾಮಾನ್ಯವಾಗಿ 3ರ ಒಳಗೇ ಇರುತ್ತದೆ, 4 ದಾಟುವುದು ಕಡಿಮೆ. ಎರಡೂ ಸೇರಿದರೆ 6, 8ಕ್ಕೂ ಹೋಗಬಹುದು, ಪಿತ್ತಕೋಶದ ಕಲ್ಲೂ ಬೇಗ ಆಗುತ್ತದೆ. ಹಿಮೋಲಿಸಿಸ್ ಇಲ್ಲದೆಯೇ 6ರ ಮೇಲೆ ನಿಂತಿದ್ದರೆ ಕ್ರಿಗ್ಲರ್-ನಜ್ಜಾರ್ ಸಿಂಡ್ರೋಮ್‌ನ ಎರಡನೇ ವಿಧವನ್ನು ಯೋಚಿಸುತ್ತೇವೆ. ಅದೂ ಇದೇ ಕಿಣ್ವದ ತೊಂದರೆ, ಆದರೆ ಕಿಣ್ವದ ಕೆಲಸ 10 ಶೇಕಡಾಕ್ಕಿಂತಲೂ ಕಡಿಮೆ. ಮೊದಲನೇ ವಿಧದಲ್ಲಿ ಕಿಣ್ವ ಇಲ್ಲವೆಂದೇ ಹೇಳಬಹುದು, ಹುಟ್ಟಿದ ಮಗುವಿನಲ್ಲೇ 20 ದಾಟಿ ಮಿದುಳಿಗೆ ಅಪಾಯ ತರುತ್ತದೆ. ನಿಮ್ಮ ಅಂಕಿಗೂ ಅದಕ್ಕೂ ಬಹಳ ದೂರ.

ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಬರೆದದ್ದು ಒಳ್ಳೆಯದಾಯಿತು. ಗಿಲ್ಬರ್ಟ್ ಇರುವವರು ಹಸಿದಿದ್ದರೆ ಬಿಲಿರುಬಿನ್ ಏರುತ್ತದೆ. ಎರಡು ದಿನ ದಿನಕ್ಕೆ 400 ಕ್ಯಾಲೊರಿ ಮಾತ್ರ ಕೊಟ್ಟರೆ ಅದು ಎರಡು ಮೂರು ಪಟ್ಟು ಆಗುವುದುಂಟು. ಒಂದು ಕಾಲದಲ್ಲಿ ಇದನ್ನೇ ಪರೀಕ್ಷೆಯಾಗಿ ಮಾಡುತ್ತಿದ್ದರು: ಉಪವಾಸ ಹಾಕಿಸಿ ಮತ್ತೆ ರಕ್ತ ತೆಗೆಯುವುದು. ನಿಕೋಟಿನಿಕ್ ಆಮ್ಲದ ಇಂಜೆಕ್ಷನ್ ಕೊಟ್ಟು ನೋಡುವುದೂ ಇತ್ತು. ಈಗ ಎರಡೂ ಬಳಕೆಯಲ್ಲಿಲ್ಲ. ಹಸಿದಾಗ ಬಿಲಿರುಬಿನ್ ಸ್ವಲ್ಪ ಏರುವುದು ಬೇರೆಯವರಲ್ಲೂ ಆಗುತ್ತದೆ, ಹಾಗಾಗಿ ಗೊಂದಲವೇ ಜಾಸ್ತಿ.

ಇವತ್ತು ಗಿಲ್ಬರ್ಟ್ ಜಾಸ್ತಿ ಸಿಕ್ಕಿಬೀಳುವುದೇ ಹೆಲ್ತ್ ಚೆಕಪ್‌ಗಳಲ್ಲಿ. ಕಾರಣ ಸರಳ. ಸಕ್ಕರೆ, ಕೊಬ್ಬಿನ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುತ್ತಾರೆ. ಅದೇ ರಕ್ತದಲ್ಲಿ ಲಿವರ್ ಪರೀಕ್ಷೆಯನ್ನೂ ಮಾಡುತ್ತಾರೆ. ಲಿವರ್ ಪರೀಕ್ಷೆಗೆ ಹಸಿದಿರಬೇಕಾದ ಅಗತ್ಯವೇ ಇಲ್ಲ! ಆದ್ದರಿಂದ ರೆಟಿಕ್ಯುಲೋಸೈಟ್‌ಗೆ ರಕ್ತ ಕೊಡುವ ದಿನ, ಹೊತ್ತಿಗೆ ಸರಿಯಾಗಿ ಊಟ ತಿಂಡಿ ಮಾಡಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಹೋಗಿ. ಬಿಲಿರುಬಿನ್ನೂ ಇನ್ನೊಮ್ಮೆ ಆಗಲಿ. 1.5ರ ಆಸುಪಾಸು ಬರಬಹುದು. ನಾರ್ಮಲ್ಲೇ ಬಂದರೂ ಗಿಲ್ಬರ್ಟ್ ಅಲ್ಲ ಎಂದಾಗುವುದಿಲ್ಲ, ಏರಿಳಿತವೇ ಇದರ ಗುಣ. ಜ್ವರ, ಮೈಯಲ್ಲಿ ನೀರು ಕಡಿಮೆಯಾಗುವುದು, ವಿಪರೀತ ಮೈ ದಣಿಸುವುದು, ನಿದ್ದೆಗೆಡುವುದು, ಆಪರೇಷನ್, ಹೆಂಗಸರಲ್ಲಿ ಮುಟ್ಟಿನ ದಿನಗಳು, ಇವೆಲ್ಲ ಅದನ್ನು ಏರಿಸುತ್ತವೆ. ನಿಮ್ಮ ಜ್ವರದ 3.1, ತಿಂಗಳ ನಂತರದ 1.5, ಹಸಿವಿನ 2.6, ಈ ಮೂರು ಅಂಕಿಗಳ ಓಟವೇ ನನಗೆ ಯಾವ ಸ್ಕ್ಯಾನ್‌ಗಿಂತ ಜಾಸ್ತಿ ಹೇಳುತ್ತಿದೆ.

ಜೀನ್ ವಿಷಯ ಕೇಳಿದ್ದೀರಿ. 1901ರಲ್ಲಿ ಪ್ಯಾರಿಸ್‌ನ ಒಗುಸ್ಟಿನ್ ಗಿಲ್ಬರ್ಟ್ ಮತ್ತು ಪಿಯರ್ ಲೆರೆಬುಲೆ ಇದನ್ನು ಮೊದಲು ವಿವರಿಸಿದರು. ಜೀನ್‌ನಲ್ಲಿ ಏನು ಬದಲಾಗಿದೆ ಎಂದು ಗೊತ್ತಾಗಿದ್ದು 1995ರಲ್ಲಿ. ಯುಜಿಟಿ1ಎ1 ಜೀನ್ ಎರಡನೇ ವರ್ಣತಂತುವಿನಲ್ಲಿದೆ. ಅದರ ಮುಂಭಾಗದಲ್ಲಿ, ಕಿಣ್ವವನ್ನು ಎಷ್ಟು ತಯಾರಿಸಬೇಕು ಎಂದು ನಿರ್ಧರಿಸುವ ಜಾಗದಲ್ಲಿ, ಟಿಎ ಎಂಬ ಎರಡಕ್ಷರದ ಜೋಡಿ 6 ಸಲ ಬರಬೇಕು. ಗಿಲ್ಬರ್ಟ್ ಇರುವ ಬಹುಪಾಲು ಜನರಲ್ಲಿ ಅದು 7 ಸಲ ಇರುತ್ತದೆ. ಕಿಣ್ವ ಕೆಟ್ಟಿರುವುದಿಲ್ಲ, ತಯಾರಾಗುವುದೇ ಕಡಿಮೆ. ಪೂರ್ವ ಏಷ್ಯಾದ ಜನರಲ್ಲಿ ಇನ್ನೊಂದು ಬದಲಾವಣೆಯೂ ಸಾಮಾನ್ಯ, ಅಲ್ಲಿ ಕಿಣ್ವದ ರಚನೆಯೇ ಸ್ವಲ್ಪ ಬೇರೆ.

ಈ ಪರೀಕ್ಷೆ ನಿಮಗೆ ಬೇಕಾ? ನನ್ನ ಉತ್ತರ ಬೇಡ ಎಂದೇ. 7-7 ಇರುವವರಲ್ಲಿ, ಅಂದರೆ ಜೀನ್‌ನ ಎರಡೂ ಪ್ರತಿಗಳಲ್ಲಿ ಆ ಜೋಡಿ 7 ಸಲ ಇರುವವರಲ್ಲಿ, ಎಷ್ಟೋ ಮಂದಿಗೆ ಬಿಲಿರುಬಿನ್ ಏರುವುದೇ ಇಲ್ಲ. ಮುಖ್ಯವಾಗಿ, ಫಲಿತಾಂಶ ಹೇಗೆ ಬಂದರೂ ನಿಮಗೆ ಹೇಳುವ ಸಲಹೆ ಬದಲಾಗುವುದಿಲ್ಲ. 7-7 ಬಂದರೂ ಹಿಮೋಲಿಸಿಸ್ ಇಲ್ಲ ಎಂದು ಸಾಬೀತಾಗುವುದಿಲ್ಲ, ಅದನ್ನು ಬೇರೆಯೇ ನೋಡಬೇಕು. ಬಿಲಿರುಬಿನ್ 4-6ರ ನಡುವೆ ಇದ್ದು ಅನುಮಾನ ಉಳಿದಾಗ, ಬೇರೆ ಲಿವರ್ ಕಾಯಿಲೆಯೂ ಇದ್ದು ಯಾವುದರ ಪಾಲು ಎಷ್ಟು ಎಂದು ಬಿಡಿಸಬೇಕಾದಾಗ, ಅಥವಾ ಕೆಲವು ಔಷಧಿ ಕೊಡುವ ಮೊದಲು, ಆಗ ಈ ಪರೀಕ್ಷೆಗೆ ಬೆಲೆ ಇದೆ.

ಆ ಔಷಧಿಗಳ ಮಾತು ಹೇಳಲೇಬೇಕು, ಯಾಕೆಂದರೆ ಗಿಲ್ಬರ್ಟ್‌ನಲ್ಲಿ ನಿಜವಾಗಿ ನೆನಪಿಡಬೇಕಾದ ಅಪಾಯ ಇರುವುದು ಇಲ್ಲೇ. ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿ ದೊಡ್ಡಕರುಳಿನ ಕ್ಯಾನ್ಸರ್‌ನಂಥವುಗಳಿಗೆ ಬಳಕೆಯಲ್ಲಿದೆ. ದೇಹದಲ್ಲಿ ಅದರಿಂದ ಬರುವ ಪ್ರಬಲ ಅಂಶವನ್ನು ಹೊರಹಾಕುವುದು ಇದೇ ಯುಜಿಟಿ1ಎ1. ಕಿಣ್ವ ಕಡಿಮೆ ಇದ್ದರೆ ಔಷಧಿ ಮೈಯಲ್ಲೇ ಉಳಿದು ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು, ತೀವ್ರ ಭೇದಿ ಆಗಬಹುದು. 2005ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎಚ್ಚರಿಕೆಯನ್ನು ಔಷಧಿಯ ಮಾಹಿತಿ ಪತ್ರಕ್ಕೆ ಸೇರಿಸಿತು. ಎಚ್‌ಐವಿಗೆ ಕೊಡುವ ಅಟಾಜನವಿರ್, ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಕೊಡುವ ನಿಲೋಟಿನಿಬ್, ಇವು ಈ ಕಿಣ್ವವನ್ನು ತಡೆಯುತ್ತವೆ. ಇವನ್ನು ತೆಗೆದುಕೊಂಡರೆ ಕಣ್ಣು ಇನ್ನಷ್ಟು ಹಳದಿಯಾಗಬಹುದು, ಲಿವರ್‌ಗೆ ಪೆಟ್ಟು ಬಿದ್ದಿದೆ ಎಂದು ಗಾಬರಿಯಾಗಬಹುದು. ನಿಮಗೆ ಈ ಔಷಧಿ ಯಾವತ್ತೂ ಬೇಕಾಗದೇ ಇರಲಿ. ಬೇಕಾದ ದಿನ ಬಂದರೆ ‘ನನಗೆ ಗಿಲ್ಬರ್ಟ್ ಇದೆ’ ಎಂದು ಮೊದಲೇ ಹೇಳಿ. ಜ್ವರ, ತಲೆನೋವಿಗೆ ಪ್ಯಾರಾಸಿಟಮಾಲ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಲು ಅಡ್ಡಿ ಇಲ್ಲ. ಅದನ್ನು ಮೀರುವುದು ಯಾರಿಗೂ ಒಳ್ಳೆಯದಲ್ಲ.

ಆಪರೇಷನ್‌ಗೆ ಮೊದಲೂ ಹೇಳಿ. ಅರಿವಳಿಕೆಗಾಗಿ ಹಸಿದಿರುತ್ತೀರಿ, ಮೈಗೆ ದಣಿವಾಗಿರುತ್ತದೆ. ಮರುದಿನ ಕಣ್ಣು ಹಳದಿ ಕಂಡರೆ, ಗೊತ್ತಿಲ್ಲದ ಡಾಕ್ಟರು ಪಿತ್ತನಾಳ ಕಟ್ಟಿತಾ, ಕೊಟ್ಟ ರಕ್ತ ಸರಿಹೊಂದಲಿಲ್ಲವಾ ಎಂದು ಹುಡುಕಲು ಶುರುಮಾಡುತ್ತಾರೆ. ಅದು ಅವರ ತಪ್ಪಲ್ಲ.

ಇನ್ನು ಪಥ್ಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕಾಮಾಲೆ ಎಂದ ಕೂಡಲೇ ಊಟ ಕಡಿಮೆ ಮಾಡಿಸುತ್ತಾರೆ. ಗಿಲ್ಬರ್ಟ್ ಇರುವವರು ಊಟ ಕಡಿಮೆ ಮಾಡಿದಷ್ಟೂ ಬಿಲಿರುಬಿನ್ ಏರುತ್ತದೆ. ಏರಿದ್ದನ್ನು ನೋಡಿ ಪಥ್ಯ ಇನ್ನೂ ಬಿಗಿಯಾಗುತ್ತದೆ. ನಿಮಗೆ ಯಾವ ಪಥ್ಯವೂ ಬೇಡ. ಹೊತ್ತು ಮೀರದ ಹಾಗೆ ಊಟ ಮಾಡಿ, ನೀರು ಕುಡಿಯಿರಿ, ಅಷ್ಟೇ. ಲಿವರ್ ಟಾನಿಕ್ ಕೂಡ ಬೇಡ. ಸರಿಯಾಗಿರುವ ಲಿವರನ್ನು ಸರಿಮಾಡುವ ಔಷಧಿ ಇಲ್ಲ. ‘ಗಿಡಮೂಲಿಕೆ ಅಲ್ವಾ, ಏನಾಗುತ್ತೆ’ ಎಂದು ತೆಗೆದುಕೊಂಡ ಮೂಲಿಕೆಗಳಿಂದಲೇ ಲಿವರ್‌ಗೆ ಪೆಟ್ಟು ಬಿದ್ದವರು ಇದ್ದಾರೆ. ಫಿನೋಬಾರ್ಬಿಟಾಲ್ ಎಂಬ ಮಾತ್ರೆ ಕೊಟ್ಟರೆ ಕಿಣ್ವ ಜಾಸ್ತಿಯಾಗಿ ಬಿಲಿರುಬಿನ್ ಇಳಿಯುವುದು ನಿಜ. ಆದರೆ ತೊಂದರೆಯನ್ನೇ ಕೊಡದ ಒಂದು ಅಂಕಿಯನ್ನು ಇಳಿಸಲು ತೂಕಡಿಕೆ ತರಿಸುವ ಮಾತ್ರೆ ಯಾಕೆ?

ಗಿಲ್ಬರ್ಟ್ ಸಿರೋಸಿಸ್‌ಗೆ (ಲಿವರ್ ಗಟ್ಟಿಯಾಗಿ ಹಾಳಾಗುವುದು) ತಿರುಗುವುದಿಲ್ಲ, ಆಯಸ್ಸು ಕಡಿಮೆಯಾಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸುಸ್ತಿನ ಬಗ್ಗೆ ಮಾತ್ರ ಬೇರೆ ಬೇರೆ ಅನುಭವ ಇದೆ. ನನ್ನಲ್ಲಿಗೆ ಬರುವ ಕೆಲವರು ಕಣ್ಣು ಹಳದಿಯಾದ ದಿನ ಸುಸ್ತು ಎನ್ನುತ್ತಾರೆ. ಆ ಸುಸ್ತಿಗೂ ಬಿಲಿರುಬಿನ್ ಅಂಕಿಗೂ ತಾಳೆಯಾಗುವುದಿಲ್ಲ. ಜ್ವರವೋ ನಿದ್ದೆಗೇಡೋ ಸುಸ್ತನ್ನೂ ತಂದಿದೆ, ಬಿಲಿರುಬಿನ್ನನ್ನೂ ಏರಿಸಿದೆ ಎಂದೇ ನಾನು ಮೊದಲು ಯೋಚಿಸುತ್ತೇನೆ. ಸುಸ್ತು ಹೋಗದಿದ್ದರೆ ಥೈರಾಯ್ಡ್, ಕಬ್ಬಿಣ, ನಿದ್ದೆ ಇವನ್ನು ನೋಡಿಸಬೇಕು. ಎಲ್ಲದಕ್ಕೂ ಗಿಲ್ಬರ್ಟ್ ಎಂದು ಹೇಳಿ ಕೈತೊಳೆದುಕೊಳ್ಳಬಾರದು. ಉಕ್ರೇನಿನ ಮಾಜಿ ಟೆನಿಸ್ ಆಟಗಾರ ಅಲೆಕ್ಸಾಂಡರ್ ಡೊಲ್ಗೊಪೊಲೊವ್‌ಗೆ ಗಿಲ್ಬರ್ಟ್ ಇದೆ. ಅವರು 2012ರಲ್ಲಿ ವಿಶ್ವ ರ‍್ಯಾಂಕಿಂಗ್‌ನಲ್ಲಿ 13ನೇ ಸ್ಥಾನಕ್ಕೆ ಏರಿದ್ದರು. ಬಿಲಿರುಬಿನ್ ಸ್ವಲ್ಪ ಜಾಸ್ತಿ ಇರುವವರಲ್ಲಿ ಹೃದಯದ ಕಾಯಿಲೆ ಕಡಿಮೆ ಎಂಬ ಮಾತನ್ನೂ ನೀವು ಓದಿರಬಹುದು. ಹಲವು ಸಮೀಕ್ಷೆಗಳಲ್ಲಿ ಹಾಗೆ ಕಂಡಿದೆ. ಬಿಲಿರುಬಿನ್ನೇ ಅದಕ್ಕೆ ಕಾರಣ ಎಂದು ಸಾಬೀತಾಗಿಲ್ಲ. ಖುಷಿಪಡಿ, ಆದರೆ ಆ ಧೈರ್ಯದಲ್ಲಿ ಸಿಗರೇಟು ಸೇದಬೇಡಿ.

ಮಕ್ಕಳ ವಿಷಯವನ್ನು ನೀವು ಕೇಳಿಲ್ಲ, ಆದರೆ ಮುಂದೆ ಬರುವ ಪ್ರಶ್ನೆ. ಗಿಲ್ಬರ್ಟ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬದಲಾದ ಪ್ರತಿ ಬಂದಿರಬೇಕು. ಒಂದೇ ಪ್ರತಿ ಇರುವವರು ಬಹಳ ಜನ ಇದ್ದಾರೆ, ಅವರಿಗೆ ಗೊತ್ತೂ ಇರುವುದಿಲ್ಲ. ನಿಮ್ಮ ಮಕ್ಕಳಿಗೆ ನಿಮ್ಮಿಂದ ಒಂದು ಪ್ರತಿ ಹೋಗುತ್ತದೆ. ಇನ್ನೊಂದು ನಿಮ್ಮ ಸಂಗಾತಿಯ ಮೇಲೆ ನಿಂತಿದೆ. ಬಂದರೂ ಅದು ಗೊತ್ತಾಗುವುದು ಬಹುಮಟ್ಟಿಗೆ ಹದಿಹರೆಯದ ನಂತರ, ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ಮಗು ಹುಟ್ಟಿದಾಗ ಮಕ್ಕಳ ಡಾಕ್ಟರಿಗೆ ಒಂದು ಮಾತು ಹೇಳಿಟ್ಟಿರಿ. ನವಜಾತ ಶಿಶುವಿನ ಕಾಮಾಲೆ ಇದರಿಂದ ಸ್ವಲ್ಪ ಜಾಸ್ತಿ ದಿನ ಉಳಿಯಬಹುದು. ಜಿ6ಪಿಡಿ ಕೊರತೆಯೂ ಜೊತೆಗಿದ್ದರೆ ಹೆಚ್ಚು ಎಚ್ಚರ ಬೇಕು.

ಒಮ್ಮೆ ಗಿಲ್ಬರ್ಟ್ ಎಂದು ತೀರ್ಮಾನವಾದ ಮೇಲೆ ಇನ್ನೊಂದು ಥರದ ಅಪಾಯ ಶುರುವಾಗುತ್ತದೆ. ಕಣ್ಣು ಹಳದಿಯಾದಾಗಲೆಲ್ಲ ‘ಇದು ನನ್ನ ಹಳೇದೇ’ ಎಂದು ಬಿಡುವುದು. ಗಿಲ್ಬರ್ಟ್ ಇರುವವರಿಗೂ ಹೆಪಟೈಟಿಸ್ ಬರುತ್ತದೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಮೈಯೆಲ್ಲ ತುರಿಕೆ, ಮಲ ಬಿಳಿಚಿಕೊಳ್ಳುವುದು, ಮೂತ್ರ ಕಂದಾಗುವುದು, ಬಲಪಕ್ಕೆಯ ಕೆಳಗೆ ನೋವಿನ ಜೊತೆ ಚಳಿಜ್ವರ, ಊಟ ಸೇರದೆ ತೂಕ ಇಳಿಯುವುದು, ಮುಖ ಬಿಳಿಚಿ ಏದುಸಿರು ಬರುವುದು, ಇವುಗಳಲ್ಲಿ ಯಾವುದು ಕಂಡರೂ ಹೊಸದಾಗಿ ತೋರಿಸಿ. ರಿಪೋರ್ಟಿನಲ್ಲಿ ಡೈರೆಕ್ಟ್ ಭಾಗ ಏರಿದ್ದರೂ ಅಷ್ಟೇ. ಡೈರೆಕ್ಟ್ ಏರುವ, ಆದರೂ ಅಪಾಯವಿಲ್ಲದ ಹುಟ್ಟಿನಿಂದ ಬರುವ ಸ್ಥಿತಿಗಳೂ ಇವೆ, ಡುಬಿನ್-ಜಾನ್ಸನ್ ಮತ್ತು ರೋಟರ್ ಎಂದು. ಅವು ಅಪರೂಪ, ನಿಮ್ಮ ರಿಪೋರ್ಟಿಗೆ ಹೊಂದುವುದೂ ಇಲ್ಲ.

ಈಗ ಮಾಡಬೇಕಾದದ್ದು: ಊಟ ಮಾಡಿ ಹೋಗಿ ಬಿಲಿರುಬಿನ್, ರೆಟಿಕ್ಯುಲೋಸೈಟ್, ಸ್ಮಿಯರ್, ಎಲ್‌ಡಿಎಚ್ ಮಾಡಿಸಿ. ಎಲ್ಲ ಸರಿಯಿದ್ದರೆ ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ‘ಗಿಲ್ಬರ್ಟ್ ಸಿಂಡ್ರೋಮ್. ಇನ್‌ಡೈರೆಕ್ಟ್ ಬಿಲಿರುಬಿನ್ ಮಾತ್ರ ಹೆಚ್ಚಿದೆ. ಹಿಮೋಲಿಸಿಸ್ ಇಲ್ಲ, ಲಿವರ್ ಕಿಣ್ವಗಳು ನಾರ್ಮಲ್. ಕೆಲಸಕ್ಕೆ ಅಡ್ಡಿಯಿಲ್ಲ’ ಎಂದಿದ್ದರೆ ಸಾಕು. ಒಂದು ಪ್ರತಿ ಕೆಲಸದ ಕಡೆ ಕೊಡಿ, ಒಂದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಮೂರು ತಿಂಗಳಿಗೊಮ್ಮೆ ಬಿಲಿರುಬಿನ್ ಮಾಡಿಸುವುದು ಬೇಡ. ರೆಟಿಕ್ಯುಲೋಸೈಟ್ ಜಾಸ್ತಿ ಬಂದರೆ ಅಥವಾ ಸ್ಮಿಯರ್‌ನಲ್ಲಿ ದುಂಡು ಕಣಗಳು ಕಂಡರೆ ಲಿವರ್ ಡಾಕ್ಟರ ಬದಲು ರಕ್ತರೋಗ ತಜ್ಞರ ಹತ್ತಿರ ಹೋಗಿ. ಆಗ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇಬ್ಬರ ರಕ್ತವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.